ಪಾಠಶಾಲೆಯ ಧೂಳು

ವಿಜಯಪುರ ಜಿಲ್ಲೆಯ ಬೇಸಗೆಯನ್ನು ಕಂಡವರಿಗೆ ಧೂಳಿನ ಪರಿಚಯವನ್ನು ಬೇರೆ ಮಾಡಿಕೊಡಬೇಕಾಗಿಲ್ಲ. ಸುಗ್ಗಿ ಮುಗಿದು ಎರೆಯ ಹೊಲಗಳು ಬಿರುಕು ಬಿಟ್ಟ ಮೇಲೆ ಗಾಳಿ ಎದ್ದಿತೆಂದರೆ ಗೋಳಗುಮ್ಮಟವೇ ಮಸುಕಾಗಿ ಕಾಣುವ ದಿನಗಳುಂಟು. ನಗರದಿಂದ ಪಶ್ಚಿಮಕ್ಕೆ ಅಥಣಿಯ ದಾರಿ ಹಿಡಿದರೆ ತಿಕೋಟಾ, ನೈಋತ್ಯಕ್ಕೆ ಜಮಖಂಡಿಯ ದಾರಿ ಹಿಡಿದರೆ ಬಬಲೇಶ್ವರ. ಈಗ ಎರಡೂ ತಾಲ್ಲೂಕು ಕೇಂದ್ರಗಳು. ನಗರವಾಗಲಿ ಈ ಊರುಗಳಾಗಲಿ, ಶಾಲೆಯ ದಿನ ಆರಂಭವಾಗುವುದು ಕಸಬರಿಗೆಯಿಂದ. ಗಂಟೆ ಬಾರಿಸುವ ಮೊದಲು ಕೋಣೆಯನ್ನು ಗುಡಿಸುತ್ತಾರೆ, ಧೂಳು ಏಳುತ್ತದೆ, ಮಕ್ಕಳು ಬಂದು ಸಾಲಾಗಿ ಕೂಡುತ್ತಾರೆ, ಎದ್ದ ಧೂಳು ಮೆಲ್ಲಗೆ ಅವರ ಪಾಟಿ ಪುಸ್ತಕಗಳ ಮೇಲೆ, ಕೈಗಳ ಮೇಲೆ ಇಳಿಯುತ್ತದೆ.

ಈ ಧೂಳಿಗೂ ಒಂದು ಚರಿತ್ರೆ ಉಂಟೆಂದರೆ ನೀವು ನಗಬಹುದು. ಅರಸರಿಗೆ, ಕೋಟೆಗಳಿಗೆ, ತೋಪುಗಳಿಗೆ ಚರಿತ್ರೆ ಇರಬೇಕಾದದ್ದು ಸಹಜ. ಕಾಲಿಗೆ ಹತ್ತುವ ಮಣ್ಣಿಗೆ ಏನು ಚರಿತ್ರೆ? ಆದರೆ ಕಳೆದ ನೂರಿಪ್ಪತ್ತು ವರ್ಷಗಳಲ್ಲಿ ವೈದ್ಯರೂ ರಸಾಯನ ಶಾಸ್ತ್ರಜ್ಞರೂ ಧೂಳನ್ನು ತೂಗಿ, ಕರಗಿಸಿ, ಪರೀಕ್ಷಿಸಿ ನೋಡಿದ್ದಾರೆ. ಅದರಲ್ಲಿ ಮಣ್ಣಿನ ಜೊತೆಗೆ ಸೀಸ, ಕ್ಯಾಡ್ಮಿಯಮ್, ಕ್ರೋಮಿಯಮ್, ನಿಕಲ್, ತಾಮ್ರ, ಸತು ಮುಂತಾದ ಭಾರಲೋಹಗಳು ಸೇರಿಕೊಂಡಿರುವುದನ್ನು ಕಂಡಿದ್ದಾರೆ. ಸೊಪ್ಪು ಸದೆ ಕೊಳೆತು ಮಣ್ಣಾಗುತ್ತದೆ, ಲೋಹ ಕೊಳೆಯುವುದಿಲ್ಲ. ಒಮ್ಮೆ ಬಂದು ನೆಲಕ್ಕೆ ಬಿದ್ದ ಸೀಸವನ್ನು ಯಾರಾದರೂ ತೆಗೆದು ಹಾಕುವವರೆಗೆ, ಅಥವಾ ಮಳೆ ಗಾಳಿ ಒಯ್ಯುವವರೆಗೆ, ಅದು ಅಲ್ಲಿಯೇ ಇರುತ್ತದೆ. ಆದ್ದರಿಂದ ಒಂದು ಹಿಡಿ ಧೂಳು ಆ ಊರಿನ ಹಿಂದಿನ ದಿನಗಳ ಲೆಕ್ಕದ ಕಡತವಿದ್ದಂತೆ. ಆ ಕಡತವನ್ನು ಓದುವ ಕೆಲಸ ಹೇಗೆ ನಡೆಯಿತೆಂಬುದನ್ನು ಇಲ್ಲಿ ಹೇಳುತ್ತೇನೆ.

ಮೊದಲು ನಮ್ಮ ನೆಲದ ಮಾತು. ವಿಜಯಪುರದ ಕಪ್ಪು ಮಣ್ಣು ಹುಟ್ಟಿದ್ದು ಕಪ್ಪು ಕಲ್ಲಿನಿಂದ. ಸುಮಾರು ೬.೬ ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸ ಪದರ ಪದರವಾಗಿ ಗಟ್ಟಿಯಾಗಿ ದಖ್ಖನ್ ಪ್ರಸ್ಥಭೂಮಿಯ ಬಸಾಲ್ಟ್ ಕಲ್ಲಾಯಿತು. ಈ ಕಲ್ಲಿನಲ್ಲಿ ತಾಮ್ರ, ನಿಕಲ್, ಕ್ರೋಮಿಯಮ್ ಸ್ವಭಾವತಃ ಇತರ ಅನೇಕ ಕಲ್ಲುಗಳಲ್ಲಿರುವುದಕ್ಕಿಂತ ಹೆಚ್ಚು. ಸೀಸ ಮಾತ್ರ ಬಹಳ ಕಡಿಮೆ. ಈ ಮಾತನ್ನು ನೀವು ನೆನಪಿನಲ್ಲಿಡಬೇಕು. ಎರೆಯ ನಾಡಿನ ಶಾಲೆಯೊಂದರ ಧೂಳಿನಲ್ಲಿ ನಿಕಲ್ ಅಥವಾ ಕ್ರೋಮಿಯಮ್ ಕಂಡುಬಂದರೆ ಕೂಡಲೇ ಗಾಬರಿಯಾಗಬೇಕಾಗಿಲ್ಲ. ಅದರ ಬಹುಭಾಗ ಕಲ್ಲಿನಿಂದ ಬಂದದ್ದಾಗಿರಬಹುದು. ಅಂಥ ಕ್ರೋಮಿಯಮ್ಮು ಸಾಮಾನ್ಯವಾಗಿ ಹೆಚ್ಚು ಅಪಾಯವಿಲ್ಲದ ರೂಪದಲ್ಲಿರುತ್ತದೆ. ಸೀಸ ಹೆಚ್ಚಾಗಿ ಕಂಡುಬಂದರೆ ಮಾತ್ರ ಕಲ್ಲಿನ ಮೇಲೆ ತಪ್ಪು ಹೊರಿಸುವಂತಿಲ್ಲ. ಅದನ್ನು ತಂದು ಹಾಕಿದವನು ಮನುಷ್ಯ.

ಮನುಷ್ಯನಿಗೂ ಸೀಸಕ್ಕೂ ಇರುವ ನಂಟು ಬಹಳ ಹಳೆಯದು. ಮೆತ್ತಗಿನ ಲೋಹ, ಬೇಗ ಕರಗುತ್ತದೆ, ಬೇಕಾದಂತೆ ಬಾಗುತ್ತದೆ. ರೋಮಿನವರು ಅದರಿಂದ ನೀರಿನ ಕೊಳವೆಗಳನ್ನು ಮಾಡಿದರು. ಆ ಕಾಲದಲ್ಲಿಯೇ, ಎಂದರೆ ಕ್ರಿಸ್ತಪೂರ್ವ ಒಂದನೆಯ ಶತಮಾನದಲ್ಲಿ, ವಿಟ್ರುವಿಯಸ್ ಎಂಬ ವಾಸ್ತುಶಿಲ್ಪಿ ಸೀಸದ ಕೊಳವೆಗಿಂತ ಮಣ್ಣಿನ ಕೊಳವೆಯ ನೀರು ಒಳ್ಳೆಯದೆಂದು ಬರೆದಿಟ್ಟ. ಸೀಸದ ಕೆಲಸ ಮಾಡುವವರ ಬಿಳಿಚಿಕೊಂಡ ಮೈಬಣ್ಣವನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸಿದ. ವಿಜಾಪುರದಲ್ಲಿ ೧೬೫೧ರಲ್ಲಿ ಮಹಮ್ಮದ್ ಆದಿಲಶಾಹ ಬೇಗಂ ತಲಾಬನ್ನು ಕಟ್ಟಿಸಿದಾಗ ಅಲ್ಲಿಂದ ನಗರಕ್ಕೆ ನೀರು ಬಂದದ್ದು ಸುಟ್ಟ ಮಣ್ಣಿನ ಕೊಳವೆಗಳಲ್ಲಿ. ಅವುಗಳ ಸುತ್ತ ಗಾರೆಯ ಕಟ್ಟಡ. ಆರೋಗ್ಯದ ಎಣಿಕೆಯಿಂದಲೇ ಹೀಗೆ ಮಾಡಿದರೆಂದು ನಾವು ಹೇಳಿಕೊಳ್ಳುವಂತಿಲ್ಲ. ಕುಂಬಾರನ ಕೈಗೆ ಎಟುಕುವ ವಸ್ತು ಅದಾಗಿತ್ತು. ಆದರೂ ರೋಮಿನ ಶಿಲ್ಪಿಯ ಮಾತು ಇಲ್ಲಿ ತಾನಾಗಿ ನಡೆದುಬಂದಿತ್ತು.

ನಮ್ಮ ಹಳೆಯ ಕನ್ನಡ ಶಾಲೆಗಳಲ್ಲಿಯೂ ಲೋಹದ ಸಂಚಾರ ಕಡಿಮೆಯೇ. ಸೆಗಣಿ ಸಾರಿಸಿದ ನೆಲ, ಸುಣ್ಣ ಬಳಿದ ಗೋಡೆ, ಅದಕ್ಕೆ ಕೆಮ್ಮಣ್ಣಿನ ಅಂಚು, ಮಗುವಿನ ಕೈಯಲ್ಲಿ ಕಲ್ಲಿನ ಪಾಟಿ, ಬಳಪ. ಆಮೇಲೆ ಬಂದ ಪೆನ್ಸಿಲನ್ನು ನಮ್ಮ ಹಿರಿಯರು ಸೀಸದ ಕಡ್ಡಿಯೆಂದು ಕರೆದರು. ಇದೊಂದು ತಮಾಷೆಯ ಸಂಗತಿ. ಆ ಕಡ್ಡಿಯೊಳಗೆ ಸೀಸವಿಲ್ಲ. ಇರುವುದು ಗ್ರಾಫೈಟ್, ಎಂದರೆ ಇಂಗಾಲದ ಒಂದು ರೂಪ. ಇಂಗ್ಲೆಂಡಿನಲ್ಲಿ ಅದು ಮೊದಲು ದೊರೆತಾಗ ಕಪ್ಪು ಸೀಸವೆಂದು ಭ್ರಮಿಸಿದರು. ಹೆಸರು ಹಾಗೆಯೇ ಉಳಿದು ಕನ್ನಡಕ್ಕೂ ಬಂದಿತು. ನಿಜವಾದ ಸೀಸ ಮಕ್ಕಳ ಬಳಿಗೆ ಬಂದದ್ದು ಕಡ್ಡಿಯ ಹೊರಮೈಗೆ ಬಳಿದ ಬಣ್ಣದಲ್ಲಿ, ಕಿಟಕಿ ಬಾಗಿಲುಗಳ ಎಣ್ಣೆಬಣ್ಣದಲ್ಲಿ. ಬಿಳಿ ಬಣ್ಣಕ್ಕೆ ಸಫೇತ ಸೀಸ, ಕಬ್ಬಿಣದ ಸರಳಿಗೆ ತುಕ್ಕು ಹಿಡಿಯದಂತೆ ಮೊದಲು ಬಳಿಯುವುದಕ್ಕೆ ಕೆಂಪು ಸೀಸ, ಕಣ್ಣಿಗೆ ಹಿತವಾದ ಹಳದಿಗೆ ಸೀಸವೂ ಕ್ರೋಮಿಯಮ್ಮೂ ಕೂಡಿದ ಒಂದು ಸಂಯುಕ್ತ. ಈ ಕೊನೆಯದರಲ್ಲಿರುವ ಕ್ರೋಮಿಯಮ್ಮಂತೂ ನಮ್ಮ ಕಲ್ಲಿನಲ್ಲಿರುವಂಥದಲ್ಲ, ಅಪಾಯಕಾರಿ ರೂಪದ್ದು.

ಬಣ್ಣದ ಕೇಡನ್ನು ಮೊದಲು ಸ್ಪಷ್ಟವಾಗಿ ಕಂಡವರು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ಪ್ರಾಂತದ ವೈದ್ಯರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಬ್ರಿಸ್ಬೇನ್ ನಗರದ ಮಕ್ಕಳಿಗೆ ಹೊಟ್ಟೆನೋವು, ಕೈಕಾಲುಗಳ ಸೋಲು, ಕಣ್ಣಿನ ಮಂದತೆ ಕಾಣಿಸಿಕೊಳ್ಳುತ್ತಿದ್ದವು. ಇದು ಸೀಸದ ವಿಷವೆಂದು ವೈದ್ಯರು ಗುರುತಿಸಿದರು. ಎಲ್ಲಿಂದ ಬಂದಿತೆಂಬುದು ಮಾತ್ರ ತಿಳಿಯಲಿಲ್ಲ. ೧೯೦೪ರಲ್ಲಿ ಲಾಕ್‌ಹಾರ್ಟ್ ಗಿಬ್ಸನ್ ಎಂಬ ಕಣ್ಣಿನ ವೈದ್ಯರು ಮನೆಗಳ ಪಡಸಾಲೆಯ ಕಟಕಟೆಗಳತ್ತ ಬೆರಳು ತೋರಿಸಿದರು. ಬಿಸಿಲಿಗೆ ಬಣ್ಣ ಹಿಟ್ಟುಹಿಟ್ಟಾಗಿ ಉದುರುತ್ತಿತ್ತು. ಮಕ್ಕಳು ಆ ಕಟಕಟೆ ಹಿಡಿದು ಆಡುತ್ತಿದ್ದರು. ಅದೇ ಕೈ ಬಾಯಿಗೆ ಹೋಗುತ್ತಿತ್ತು. ಅನೇಕರು ಈ ಮಾತನ್ನು ನಂಬಲಿಲ್ಲ. ೧೯೨೨ರಲ್ಲಿ ಮಕ್ಕಳ ಕೈಗೆಟುಕುವ ಕಡೆ ಸೀಸದ ಬಣ್ಣ ಬಳಿಯಬಾರದೆಂದು ಅಲ್ಲಿ ಕಾನೂನಾಯಿತು. ಬ್ರಿಸ್ಬೇನಿನ ಬಿಸಿಲಿಗಿಂತ ವಿಜಯಪುರದ ಬಿಸಿಲು ಸೌಮ್ಯವಾದದ್ದೆಂದು ಯಾರೂ ಹೇಳಲಾರರು.

ಅಲ್ಲಿ ಕಾನೂನು ಬರುವ ಹೊತ್ತಿಗೆ ಅಮೆರಿಕದಲ್ಲಿ ಇನ್ನೊಂದು ಬಾಗಿಲು ತೆರೆದಿತ್ತು. ಮೋಟಾರಿನ ಎಂಜಿನ್ನು ಬಡಿದುಕೊಳ್ಳುವುದನ್ನು ತಪ್ಪಿಸುವುದಕ್ಕಾಗಿ ೧೯೨೧ರಲ್ಲಿ ಥಾಮಸ್ ಮಿಜ್ಲಿ ಎಂಬಾತ ಪೆಟ್ರೋಲಿಗೆ ಸೀಸದ ಸಂಯುಕ್ತವೊಂದನ್ನು ಬೆರೆಸಿ ನೋಡಿದ. ೧೯೨೩ರಲ್ಲಿ ಅದು ಮಾರಾಟಕ್ಕೆ ಬಂದಿತು. ೧೯೨೪ರಲ್ಲಿ ಅದನ್ನು ತಯಾರಿಸುವ ನ್ಯೂಜೆರ್ಸಿಯ ಕಾರ್ಖಾನೆಯೊಂದರಲ್ಲಿ ಕೆಲಸಗಾರರು ಬುದ್ಧಿಭ್ರಮಣೆಯಾಗಿ ಸತ್ತರು. ಆಲಿಸ್ ಹ್ಯಾಮಿಲ್ಟನ್ ಎಂಬ ವೈದ್ಯೆ ೧೯೨೫ರಲ್ಲಿಯೇ ಎಚ್ಚರಿಕೆ ಕೊಟ್ಟರು. ಆ ಎಚ್ಚರಿಕೆ ನಡೆಯಲಿಲ್ಲ. ಸೀಸದ ಪೆಟ್ರೋಲು ಲೋಕವೆಲ್ಲ ಹರಡಿತು. ಎಲ್ಲಿ ರಸ್ತೆಯೋ ಅಲ್ಲಿ ಹೊಗೆ, ಎಲ್ಲಿ ಹೊಗೆಯೋ ಅಲ್ಲಿ ರಸ್ತೆಯ ಬದಿಗೆ ಸೀಸ. ರಸ್ತೆಯ ಬದಿಗೇ ಶಾಲೆ ಕಟ್ಟುವುದು ನಮ್ಮಲ್ಲಿ ಮಾತ್ರವಲ್ಲ, ಎಲ್ಲೆಲ್ಲಿಯೂ ಇರುವ ರೂಢಿ.

ಆಮೇಲಿನ ಅಧ್ಯಾಯ ಭೂಮಿಯ ವಯಸ್ಸನ್ನು ಲೆಕ್ಕ ಹಾಕಹೊರಟ ಒಬ್ಬ ವಿಜ್ಞಾನಿಯದು. ಕ್ಲೇರ್ ಪ್ಯಾಟರ್ಸನ್ನರು ಉಲ್ಕೆಯ ಕಲ್ಲುಗಳಲ್ಲಿರುವ ಸೀಸವನ್ನು ಅಳೆದು ಭೂಮಿಗೆ ಸುಮಾರು ೪೫೫ ಕೋಟಿ ವರ್ಷ ವಯಸ್ಸೆಂದು ೧೯೫೬ರಲ್ಲಿ ಪ್ರಕಟಿಸಿದರು. ಈ ಕೆಲಸದಲ್ಲಿ ಅವರಿಗೆ ಅಡ್ಡ ಬಂದದ್ದು ಪ್ರಯೋಗಶಾಲೆಯ ಧೂಳು. ಎಷ್ಟು ತೊಳೆದರೂ, ಎಷ್ಟು ಒರೆಸಿದರೂ ಸೀಸ ಎಲ್ಲಿಂದಲೋ ಬಂದು ಲೆಕ್ಕ ಕೆಡಿಸುತ್ತಿತ್ತು. ಇಷ್ಟೊಂದು ಸೀಸ ಪ್ರಕೃತಿಯದಲ್ಲ, ಮನುಷ್ಯ ಕಳೆದ ಕೆಲವು ದಶಕಗಳಲ್ಲಿ ಹರಡಿದ್ದು ಎಂದು ೧೯೬೫ರಲ್ಲಿ ಅವರು ಬರೆದರು. ಆ ತನಕ ಮೈಯಲ್ಲಿ ಸ್ವಲ್ಪ ಸೀಸವಿರುವುದು ಸಹಜವೆಂದೇ ಎಲ್ಲರೂ ಎಣಿಸಿದ್ದರು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಬಣ್ಣದ ಚಕ್ಕೆಯನ್ನು ತಿನ್ನದ ಮಕ್ಕಳ ರಕ್ತಕ್ಕೂ ಸೀಸ ಸೇರುವುದು ಹೇಗೆ? ೧೯೭೪ರಲ್ಲಿ ನ್ಯೂಯಾರ್ಕ್ ಪ್ರಾಂತದ ರಾಚೆಸ್ಟರ್ ನಗರದ ವೈದ್ಯರು ಮನೆಯ ಧೂಳನ್ನೂ ಮಕ್ಕಳ ಕೈಗಳನ್ನೂ ಒರೆಸಿ ಪರೀಕ್ಷಿಸಿದರು. ಹಳೆಯ ಪೇಟೆಯ ಮನೆಗಳಲ್ಲಿ ಧೂಳಿನಲ್ಲಿಯೂ ಕೈಗಳಲ್ಲಿಯೂ ಸೀಸ ಹೆಚ್ಚಾಗಿತ್ತು. ನೆಲದಿಂದ ಕೈಗೆ, ಕೈಯಿಂದ ಬಾಯಿಗೆ: ದಾರಿ ಇಷ್ಟು ಸರಳವಾದದ್ದು. ನೀವೇ ಒಂದು ಲೆಕ್ಕ ಹಾಕಿ ನೋಡಿ. ಒಂದು ಕಿಲೋ ಧೂಳಿನಲ್ಲಿ ೪೦೦ ಮಿಲಿಗ್ರಾಂ ಸೀಸವಿದೆಯೆನ್ನಿ. ಮಗು ದಿನಕ್ಕೆ ೧೦೦ ಮಿಲಿಗ್ರಾಂ ಧೂಳು, ಎಂದರೆ ಒಂದು ಚಿಟಿಕೆಗೂ ಕಡಿಮೆ, ನುಂಗಿದರೆ ಅದರೊಡನೆ ೪೦ ಮೈಕ್ರೋಗ್ರಾಂ ಸೀಸ ಹೊಟ್ಟೆಗೆ ಹೋಗುತ್ತದೆ. ದೊಡ್ಡವರ ಕರುಳು ಅದರಲ್ಲಿ ಹತ್ತರಲ್ಲೊಂದು ಪಾಲನ್ನು ಹೀರಿದರೆ ಎಳೆಯ ಮಕ್ಕಳ ಕರುಳು ಅರ್ಧದಷ್ಟನ್ನು ಹೀರಬಲ್ಲದು. ಹಸಿದ ಹೊಟ್ಟೆ ಇನ್ನೂ ಹೆಚ್ಚು ಹೀರುತ್ತದೆ.

ಹೀಗೆ ಸೇರಿದ ಸೀಸ ಮಾಡುವುದೇನು? ಈ ಪ್ರಶ್ನೆಗೆ ಉತ್ತರ ದೊರೆತದ್ದು ಶಾಲೆಯಲ್ಲಿಯೇ. ಹರ್ಬರ್ಟ್ ನೀಡಲ್‌ಮನ್ ಎಂಬ ವೈದ್ಯರು ಬಾಸ್ಟನ್ ನಗರದ ಪಕ್ಕದ ಚೆಲ್ಸಿ, ಸೊಮರ್‌ವಿಲ್ ಊರುಗಳ ಶಾಲಾಮಕ್ಕಳಿಂದ ಬಿದ್ದ ಹಾಲುಹಲ್ಲುಗಳನ್ನು ಕೂಡಿಸಿದರು. ರಕ್ತದಲ್ಲಿ ಸೀಸ ಕೆಲವು ವಾರಗಳಲ್ಲಿ ಕಡಿಮೆಯಾಗುತ್ತದೆ. ಹಲ್ಲಿನಲ್ಲಿ ಅದು ಉಳಿಯುತ್ತದೆ. ಹಲ್ಲಿನಲ್ಲಿ ಸೀಸ ಹೆಚ್ಚಾಗಿದ್ದ ೫೮ ಮಕ್ಕಳನ್ನು, ಕಡಿಮೆಯಿದ್ದ ೧೦೦ ಮಕ್ಕಳೊಡನೆ ಹೋಲಿಸಿ ೧೯೭೯ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಸೀಸ ಹೆಚ್ಚಾಗಿದ್ದವರು ಬುದ್ಧಿಯ ಪರೀಕ್ಷೆಯಲ್ಲಿ ಹಿಂದೆ ಬಿದ್ದರು. ಇದಕ್ಕಿಂತ ಗಮನಿಸಬೇಕಾದದ್ದು ಶಿಕ್ಷಕರ ಸಾಕ್ಷಿ. ಯಾವ ಮಗುವಿನ ಹಲ್ಲಿನಲ್ಲಿ ಏನಿದೆಯೆಂದು ಅರಿಯದ ಶಿಕ್ಷಕರು, ಗಮನ ನಿಲ್ಲದ, ಹೇಳಿದ್ದನ್ನು ಕ್ರಮವಾಗಿ ಮಾಡಲಾರದ ಮಕ್ಕಳೆಂದು ಯಾರನ್ನು ಗುರುತು ಮಾಡಿದ್ದರೋ ಅವರಲ್ಲಿ ಸೀಸದ ಮಟ್ಟ ಏರಿದಂತೆಲ್ಲ ಸಂಖ್ಯೆಯೂ ಏರುತ್ತಿತ್ತು. ನಮ್ಮಲ್ಲಿಯೂ ಪ್ರತಿ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂಡುವ, ದಡ್ಡರೆನಿಸಿಕೊಳ್ಳುವ ಮಕ್ಕಳುಂಟು. ಅವರೆಲ್ಲರ ತೊಂದರೆಗೂ ಸೀಸವೇ ಕಾರಣವೆಂದು ಹೇಳುವುದು ತಪ್ಪಾದೀತು. ಆದರೆ ಒಂದು ಮಗುವನ್ನು ದಡ್ಡನೆಂದು ಬೈಯುವ ಮೊದಲು ಅದು ಕುಳಿತ ನೆಲವನ್ನೂ ಒಮ್ಮೆ ನೋಡಬೇಕೆಂಬ ಪಾಠವನ್ನು ಆ ಹಾಲುಹಲ್ಲುಗಳು ಕಲಿಸಿದವು.

ತಿಳಿವಳಿಕೆ ಬೆಳೆದಂತೆ ಅಪಾಯದ ಗೆರೆ ಕೆಳಗಿಳಿಯಿತು. ಅಮೆರಿಕದಲ್ಲಿ ೧೯೬೦ರ ಸುಮಾರಿಗೆ ಒಂದು ಡೆಸಿಲೀಟರ್ ರಕ್ತದಲ್ಲಿ ೬೦ ಮೈಕ್ರೋಗ್ರಾಂವರೆಗೆ ಸೀಸವಿದ್ದರೆ ಚಿಂತೆಯಿಲ್ಲವೆನ್ನುತ್ತಿದ್ದರು. ಅದು ೧೯೭೫ರಲ್ಲಿ ೩೦ ಆಯಿತು, ೧೯೮೫ರಲ್ಲಿ ೨೫, ೧೯೯೧ರಲ್ಲಿ ೧೦, ೨೦೧೨ರಲ್ಲಿ ೫, ೨೦೨೧ರಲ್ಲಿ ೩.೫. ಇಂತಿಷ್ಟಾದರೆ ನಿರಪಾಯವೆಂದು ಹೇಳಬಹುದಾದ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಈಗ ಹೇಳುತ್ತದೆ.

ನಮ್ಮ ನಾಡಿನಲ್ಲಿ ಈ ಪ್ರಶ್ನೆಯನ್ನು ಎತ್ತಿ ಹಿಡಿದದ್ದು ಬೆಂಗಳೂರು. ಅಬ್ರಹಾಂ ಜಾರ್ಜ್ ಅವರು ಸ್ಥಾಪಿಸಿದ ಜಾರ್ಜ್ ಫೌಂಡೇಶನ್, ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ಶಾಸ್ತ್ರಜ್ಞ ತುಪ್ಪಿಲ್ ವೆಂಕಟೇಶ್ ಅವರ ಸಹಕಾರದಿಂದ, ೧೯೯೦ರ ದಶಕದ ಕೊನೆಯಲ್ಲಿ ದೇಶದ ಹಲವು ನಗರಗಳಲ್ಲಿ ಸುಮಾರು ೨೨,೦೦೦ ಜನರ ರಕ್ತವನ್ನು ಪರೀಕ್ಷಿಸಿತು. ಪರೀಕ್ಷೆಗೊಳಗಾದ ನಗರದ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಸೀಸ ಆಗಿನ ಗೆರೆಯಾದ ೧೦ನ್ನು ದಾಟಿತ್ತು. ೧೯೯೯ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ೨೦೦೦ದಲ್ಲಿ ಭಾರತದಲ್ಲೆಲ್ಲ ಸೀಸವಿಲ್ಲದ ಪೆಟ್ರೋಲು ಜಾರಿಗೆ ಬಂದಿತು. ಲೋಕದಲ್ಲಿ ಕೊನೆಯದಾಗಿ ೨೦೨೧ರಲ್ಲಿ ಆಲ್ಜೀರಿಯ ಅದನ್ನು ಕೈಬಿಟ್ಟಿತು. ಬಣ್ಣದ ವಿಷಯದಲ್ಲಿ ನಮ್ಮ ಸರಕಾರ ೨೦೧೬ರಲ್ಲಿ ನಿಯಮ ಮಾಡಿ, ಹತ್ತು ಲಕ್ಷ ಭಾಗಕ್ಕೆ ೯೦ ಭಾಗಕ್ಕಿಂತ ಹೆಚ್ಚು ಸೀಸ ಮನೆಯ ಬಣ್ಣದಲ್ಲಿ ಇರಬಾರದೆಂದು ವಿಧಿಸಿತು. ೨೦೧೭ರ ನವೆಂಬರಿನಿಂದ ಅದು ಜಾರಿಯಲ್ಲಿದೆ. ಆದರೂ ೨೦೨೦ರಲ್ಲಿ ಯುನಿಸೆಫ್ ಪ್ರಕಟಿಸಿದ ವರದಿಯ ಅಂದಾಜಿನಂತೆ ಭಾರತದ ಸುಮಾರು ೨೭ ಕೋಟಿ ಮಕ್ಕಳ ರಕ್ತದಲ್ಲಿ ಸೀಸ ೫ ಮೈಕ್ರೋಗ್ರಾಂ ಗೆರೆಯನ್ನು ಮುಟ್ಟಿದೆ ಅಥವಾ ದಾಟಿದೆ.

ಇದೆಲ್ಲ ದೊಡ್ಡ ನಗರಗಳ ಮಾತೆಂದು ಹಳ್ಳಿಯವರು ನಿಶ್ಚಿಂತರಾಗಿರುವಂತಿಲ್ಲ. ವಿಜಯಪುರಕ್ಕೆ ನೆರೆಯ ಯಾದಗಿರಿ ಜಿಲ್ಲೆಯಲ್ಲಿ ಕಿರದಳ್ಳಿ ತಾಂಡಾ ಎಂಬ ಊರಿದೆ. ಹಳೆಯ ಚಿನ್ನದ ಗಣಿಯ ಪ್ರದೇಶ. ಅಲ್ಲಿಯ ಜನರಿಗೆ ಚರ್ಮದ ಮೇಲೆ ಗಾಯ, ಗಂಟು ಕಾಣಿಸಿಕೊಂಡವು. ಭಾರಲೋಹಗಳ ಜೊತೆಯಲ್ಲೇ ಎಣಿಸುವ ಆರ್ಸೆನಿಕ್, ನಮ್ಮ ಹಿರಿಯರು ಪಾಷಾಣವೆಂದ ವಸ್ತು, ಇದಕ್ಕೆ ಕಾರಣವೆಂದು ತಿಳಿಯಿತು. ೨೦೧೩ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಕೊಳವೆ ಬಾವಿಯ ೫೯ ನೀರಿನ ಮಾದರಿಗಳಲ್ಲಿ ನೂರಕ್ಕೆ ೭೯ರಲ್ಲಿ ಅದು ಮಿತಿಮೀರಿತ್ತು. ನೀರಿನಲ್ಲಷ್ಟೇ ಅಲ್ಲದೆ ಮೇಲ್ಮಣ್ಣಿನಲ್ಲಿಯೂ ಅದು ಇತ್ತು: ೧೨ ಮಾದರಿಗಳಲ್ಲಿ ೬ರಲ್ಲಿ ಕಿಲೋಗೆ ೨,೦೦೦ ಮಿಲಿಗ್ರಾಮಿಗೂ ಹೆಚ್ಚು. ಗಣಿ ಮುಚ್ಚಿದರೂ ಅದರ ಹೊಟ್ಟು ಮಣ್ಣಿನಲ್ಲಿ ಉಳಿಯುತ್ತದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಈ ಚರಿತ್ರೆಯನ್ನು ಕೈಯಲ್ಲಿ ಹಿಡಿದು ಈಗ ನಮ್ಮ ಮೂರು ಊರುಗಳನ್ನು ನೋಡೋಣ. ಮೂರರ ಧೂಳೂ ಒಂದೇ ಬಗೆಯದಲ್ಲ. ವಿಜಯಪುರ ನಗರದಲ್ಲಿ ಸೊಲ್ಲಾಪುರ, ಹುಬ್ಬಳ್ಳಿ ದಾರಿಗಳ ಲಾರಿ ಸಂಚಾರವಿದೆ. ೨೦೦೦ಕ್ಕಿಂತ ಮೊದಲು ಹೊಗೆಯಲ್ಲಿ ಬಂದ ಸೀಸ ಹಳೆಯ ರಸ್ತೆಗಳ ಬದಿಯ ಮಣ್ಣನ್ನು ಬಿಟ್ಟು ತಾನಾಗಿ ಹೋಗುವಂಥದಲ್ಲ. ಟೈರು ಸವೆದಾಗ ಸತು, ಬ್ರೇಕು ಸವೆದಾಗ ತಾಮ್ರ ಉದುರುವುದು ಇಂದಿಗೂ ನಿಂತಿಲ್ಲ. ಹಳೆಯ ಬ್ಯಾಟರಿಗಳನ್ನು ಒಡೆದು ಸೀಸ ತೆಗೆಯುವ ಕೆಲಸ ವಸತಿಯ ನಡುವೆ ನಡೆದರೆ ಅಪಾಯ ಬಹಳ ಹೆಚ್ಚು. ತಿಕೋಟಾದ ಕಡೆ ದ್ರಾಕ್ಷಿ ತೋಟಗಳು ಹೆಸರಾದವು. ಒಣದ್ರಾಕ್ಷಿ ಅಲ್ಲಿಯ ಸಂಪತ್ತು. ೧೮೮೫ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಮಿಲಾರ್ಡೆ ಎಂಬ ವಿದ್ವಾಂಸರು ಪ್ರಕಟಿಸಿದ ಮೈಲುತುತ್ತ, ಸುಣ್ಣಗಳ ದ್ರಾವಣ ಇಂದಿಗೂ ಬಳ್ಳಿಯ ಬೂಷ್ಟಿಗೆ ಮದ್ದು. ಮೈಲುತುತ್ತವೆಂದರೆ ತಾಮ್ರ. ವರ್ಷ ವರ್ಷ ಸಿಂಪಡಿಸಿದ ತಾಮ್ರ ತೋಟದ ಮಣ್ಣಿನಲ್ಲಿ ಕೂಡುತ್ತ ಹೋಗುತ್ತದೆ. ಅದು ಸೀಸದಷ್ಟು ಕೆಟ್ಟದ್ದಲ್ಲ. ಆದರೆ ತೋಟದ ಪಕ್ಕದ ಶಾಲೆಯ ಧೂಳಿನಲ್ಲಿ ತಾಮ್ರ ಹೆಚ್ಚಿದ್ದರೆ ಅದು ಕಲ್ಲಿನದೋ ಸಿಂಪಡಿಕೆಯದೋ ಎಂದು ವಿಚಾರಿಸಬೇಕಾಗುತ್ತದೆ. ಬಬಲೇಶ್ವರದಂಥ ಬೇಸಾಯದ ಊರಿನಲ್ಲಿ ಕಲ್ಲಿನ ಪಾಲು ಹೆಚ್ಚಾಗಿರುವುದು ಸಹಜ. ಹಳೆಯ ಬಣ್ಣದ ಕಿಟಕಿ, ಬೆಂಚುಗಳು ಮಾತ್ರ ಊರು ಹಳ್ಳಿಯೋ ನಗರವೋ ಎಂದು ನೋಡುವುದಿಲ್ಲ.

ಆದ್ದರಿಂದ ಮಾಡಬೇಕಾದ ಮೊದಲ ಕೆಲಸ ಅಳೆಯುವುದು. ಪ್ರತಿ ಶಾಲೆಯ ಕೋಣೆಯ ಧೂಳನ್ನೂ ಅಂಗಳದ ಮಣ್ಣನ್ನೂ ದೂರದ ಹೊಲದ ಮಣ್ಣನ್ನೂ ಒಟ್ಟಿಗೆ ಪರೀಕ್ಷಿಸಿದರೆ ಯಾವುದು ಕಲ್ಲಿನ ಪಾಲು, ಯಾವುದು ನಮ್ಮ ಪಾಲು ಎಂಬುದು ತಿಳಿಯುತ್ತದೆ. ವಿಜಯಪುರ ಕಾಲೇಜುಗಳ ಊರು. ಇದು ಅಲ್ಲಿ ಆಗದ ಕೆಲಸವೇನಲ್ಲ.

ಎರಡನೆಯದು, ಮೂಲವನ್ನು ತೆಗೆಯುವುದು. ಉದುರುತ್ತಿರುವ ಹಳೆಯ ಎಣ್ಣೆಬಣ್ಣವನ್ನು ಮಕ್ಕಳಿರುವಾಗ ಒಣಗಾಗಿ ಉಜ್ಜಬಾರದು; ಉಜ್ಜಿದರೆ ಎಲ್ಲವೂ ಧೂಳೇ. ರಜೆಯಲ್ಲಿ ತೇವ ಮಾಡಿ ಕೆರೆದು, ಉದುರಿದ್ದನ್ನು ಕೂಡಿಸಿ ದೂರ ಹಾಕಿ, ಸೀಸವಿಲ್ಲದ ಬಣ್ಣ ಬಳಿಯಬೇಕು.

ಮೂರನೆಯದು ಕಸಬರಿಗೆಯ ಮಾತು. ೧೯೮೩ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯರು ಒಂದು ಪರೀಕ್ಷೆಯ ಫಲವನ್ನು ಪ್ರಕಟಿಸಿದರು. ಸೀಸ ಹೆಚ್ಚಾಗಿದ್ದ ಮಕ್ಕಳ ಕೆಲವು ಮನೆಗಳನ್ನು ತಿಂಗಳಿಗೆ ಎರಡು ಸಲ ಒದ್ದೆಯಾಗಿ ಒರೆಸಿದರು. ಒಂದು ವರ್ಷದಲ್ಲಿ ಆ ಮಕ್ಕಳ ರಕ್ತದ ಸೀಸ ಸರಾಸರಿ ಸುಮಾರು ೭ ಮೈಕ್ರೋಗ್ರಾಂ ಇಳಿಯಿತು. ಒರೆಸದ ಮನೆಗಳ ಮಕ್ಕಳಲ್ಲಿ ಒಂದೂ ಇಳಿಯಲಿಲ್ಲ. ಆಮೇಲಿನ ಪರೀಕ್ಷೆಗಳಲ್ಲಿ ಇಷ್ಟು ಸ್ಪಷ್ಟವಾದ ಫಲ ಕಂಡುಬಂದಿಲ್ಲವೆಂಬುದನ್ನೂ ಹೇಳಬೇಕು. ಮೂಲ ಹಾಗೆಯೇ ಇದ್ದರೆ ಒರೆಸುವುದೊಂದರಿಂದಲೇ ಎಲ್ಲ ಸರಿಹೋಗುವುದಿಲ್ಲ. ಆದರೂ ಒಣ ಕಸಬರಿಗೆಗಿಂತ ಒದ್ದೆ ಬಟ್ಟೆ ಮೇಲೆಂಬುದರಲ್ಲಿ ಸಂಶಯವಿಲ್ಲ. ಬೆಳಗ್ಗೆ ಎದ್ದು ಅಂಗಳಕ್ಕೆ ಥಳಿ ಹೊಡೆದು ಗುಡಿಸುವ ನಮ್ಮ ತಾಯಂದಿರು ಇದನ್ನು ಯಾವ ಪರೀಕ್ಷೆಯೂ ಇಲ್ಲದೆ ಅರಿತಿದ್ದರು. ನೀರಿನ ಬರವಿರುವ ಊರಿನಲ್ಲಿ ಇದು ಸುಲಭವಲ್ಲ, ನಿಜ. ಆದರೆ ಕೋಣೆಗೆ ಒಂದು ಬಕೆಟ್ ನೀರು ಸಾಕು.

ಕೊನೆಯದು ಊಟ. ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ೨೦೦೨ರಲ್ಲಿ ಆರಂಭವಾದ ಅಕ್ಷರ ದಾಸೋಹವನ್ನೂ, ೨೦೧೩ರಲ್ಲಿ ಬಂದ ಕ್ಷೀರಭಾಗ್ಯದ ಹಾಲನ್ನೂ ನಾವು ಹಸಿವಿನ ದೃಷ್ಟಿಯಿಂದ ನೋಡುತ್ತೇವೆ. ಕಬ್ಬಿಣ, ಕ್ಯಾಲ್ಸಿಯಂ ಕಡಿಮೆಯಾದ ದೇಹ ಸೀಸವನ್ನು ಹೆಚ್ಚಾಗಿ ಹೀರುತ್ತದೆಂಬುದನ್ನು ನೆನೆದರೆ, ಆ ಹಾಲು, ಬೇಳೆ, ಸೊಪ್ಪು ಮಕ್ಕಳಿಗೆ ಒಂದು ಕವಚವೂ ಹೌದು. ಕೈ ತೊಳೆಯದೆ ಉಂಡರೆ ಮಾತ್ರ ಕವಚದ ಜೊತೆಗೆ ವಿಷವೂ ಒಳಗೆ ಹೋಗುತ್ತದೆ. ಊಟದ ಗಂಟೆಗೆ ಐದು ನಿಮಿಷ ಮೊದಲು ಕೈ ತೊಳೆಯುವ ಗಂಟೆಯನ್ನೂ ಬಾರಿಸುವ ಶಾಲೆ ಈ ದೀರ್ಘ ಚರಿತ್ರೆಯಿಂದ ಕಲಿಯಬೇಕಾದುದನ್ನು ಕಲಿತಂತಾಯಿತು. ನಿಮ್ಮ ಊರಿನ ಶಾಲೆಗೆ ಒಮ್ಮೆ ಹೋಗಿ ಬನ್ನಿ. ನೀರಿನ ನಳ ಎಲ್ಲಿದೆ, ಕಿಟಕಿಯ ಬಣ್ಣ ಹೇಗಿದೆ, ಗುಡಿಸುವುದು ಯಾವ ಹೊತ್ತಿಗೆ ಎಂದು ವಿಚಾರಿಸಿ ನೋಡಿ.